ಮೇಣದಲ್ಲಿ ಉಳಿದ ಹುಚ್ಚಮ್ಮ

ದೀಪ ಆರಿಸೋದಿದ್ದರೆ ಆರಿಸಿ. ಆದರೆ ನಾನು ಹೇಳಿ ಮುಗಿಸೋವರೆಗೆ ಯಾರೂ ಮೈ ಕೆರೆದುಕೊಳ್ಳಬೇಡಿ. ಆ ಸದ್ದು ನನಗೆ ಆಗೋದಿಲ್ಲ.

ಇದು ನಡೆದದ್ದು ನಮ್ಮ ದೊಡ್ಡಮ್ಮನ ಮಗ ಲೋಕಪ್ಪನಿಗೆ. ಶಿಕಾರಿಪುರದ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಅವನಿಗೆ ಕೆಲಸ. ಆಸ್ಪತ್ರೆ ಯಾವುದು ಅಂತ ಕೇಳಬೇಡಿ, ಹೇಳೋದಿಲ್ಲ. ಶನಿವಾರ ಬಂತೆಂದರೆ ಅವನ ಕೆಲಸ ಮುಗಿಯುವುದು ತಡ. ಸೊರಬಕ್ಕೆ ಹೋಗುವ ಕೊನೇ ಬಸ್ಸು ಹಿಡಿದು ಕ್ರಾಸಿನಲ್ಲಿ ಇಳಿಯುತ್ತಿದ್ದ. ಅಲ್ಲಿಂದ ಊರಿಗೆ ಒಂದೂವರೆ ಮೈಲಿ ನಡಿಗೆ. ಎರಡೂ ಕಡೆ ಮೆಕ್ಕೆಜೋಳದ ಹೊಲ, ನಡುದಾರಿಯಲ್ಲಿ ಒಂದು ಹಳೇ ಕಲ್ಲುಬಾವಿ. ಈಗ ಅಲ್ಲಿ ನೀರು ಸೇದುವವರು ಯಾರೂ ಇಲ್ಲ.

ಆ ಬಾವಿಯ ಹತ್ತಿರ ಬಂದಾಗ ಅವನಿಗೆ ಒಂದು ಸದ್ದು ಕೇಳಿಸುತ್ತಿತ್ತು.

ಪರ್... ಪರ್... ಪರ್... ಪರ್...

ಒಣಗಿದ ಚರ್ಮವನ್ನು ಉಗುರಿನಿಂದ ಕೆರೆದರೆ ಬರುತ್ತದಲ್ಲ, ಅದೇ. ನಾಲ್ಕು ಸಲ ಕೆರೆತ. ಆಮೇಲೆ ಒಂದು ಉಸಿರು. ಮತ್ತೆ ನಾಲ್ಕು ಸಲ. ಟಾರ್ಚಿನ ಬೆಳಕು ಬಿಟ್ಟು ನೋಡಿದರೆ ಏನೂ ಕಾಣುತ್ತಿರಲಿಲ್ಲ. ನಾಯಿ ಇರಬೇಕು, ಕಜ್ಜಿ ನಾಯಿ, ಅಂದುಕೊಂಡು ಚಪ್ಪಲಿ ಚಟ್ ಚಟ್ ಅನ್ನಿಸಿ ಬೇಗ ಬೇಗ ನಡೆಯುತ್ತಿದ್ದ. ಎರಡು ವರ್ಷ ಹೀಗೇ ನಡೆಯಿತು. ಒಂದು ಮಾತು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ. ಆ ನಾಯಿ ಕೆರೆದುಕೊಳ್ಳುತ್ತಿದ್ದದ್ದು ಶನಿವಾರ ಮಾತ್ರ.

ಶನಿವಾರ ಲ್ಯಾಬಿನಲ್ಲಿ ಏನು ಕೆಲಸ ಅಂತ ಮೊದಲು ಹೇಳಿಬಿಡುತ್ತೇನೆ. ಹೇಸಿಗೆ ಅನ್ನಿಸಿದರೆ ಮೂಗು ಮುಚ್ಚಿಕೊಂಡು ಕೇಳಿ.

ಪಿತ್ತ ಹರಿಯುವ ನಾಳ ಕಟ್ಟಿಕೊಂಡರೆ ಮನುಷ್ಯ ಹಳದಿಯಾಗುತ್ತಾನೆ. ಕಾಮಾಲೆ ಅನ್ನುತ್ತೇವೆ. ಕೆಲವರಿಗೆ ಅದು ಬರೀ ಊತ, ಕೆಲವರಿಗೆ ಕ್ಯಾನ್ಸರು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ದಾವಣಗೆರೆಯಿಂದ ಬರುವ ದೊಡ್ಡ ಡಾಕ್ಟರು ಗಂಟಲಿನಿಂದ ನಳಿಗೆ ಇಳಿಸಿ, ಹಲ್ಲುಜ್ಜುವ ಬ್ರಷ್ಷಿನ ಮರಿಯಂಥದ್ದೊಂದನ್ನು ನಾಳದೊಳಗೆ ಉಜ್ಜಿ ತೆಗೆಯುತ್ತಾರೆ. ಅದಕ್ಕೆ ಅಂಟಿಬಂದ ಜೀವಕೋಶಗಳನ್ನು ಲ್ಯಾಬಿನವರು ಮೇಣದಲ್ಲಿ ಕೂರಿಸಿ, ಬೆಲ್ಲದಚ್ಚಿನಂತೆ ಒಂದು ಪುಟ್ಟ ಚೌಕ ಮಾಡುತ್ತಾರೆ. ಅದಕ್ಕೆ ಬ್ಲಾಕ್ ಅಂತ ಹೆಸರು. ಅದರಿಂದ ಕೂದಲಿಗಿಂತ ತೆಳ್ಳಗೆ ಒಂದು ಪದರ ಕತ್ತರಿಸಿ ಗಾಜಿನ ಸ್ಲೈಡಿನ ಮೇಲೆ ಕೂರಿಸುತ್ತಾರೆ. ಕ್ಯಾನ್ಸರಾದ ಜೀವಕೋಶದಲ್ಲಿ ಒಂದು ಪ್ರೋಟೀನು ಇರುತ್ತದಂತೆ, ಒಳ್ಳೆಯದರಲ್ಲಿ ಇರುವುದಿಲ್ಲವಂತೆ. ಆ ಪ್ರೋಟೀನನ್ನೇ ಹುಡುಕಿ ಹಿಡಿಯುವ ಔಷಧಿ ಹಾಕಿದರೆ, ಅದು ಇದ್ದ ಕಡೆ ಕಂದು ಬಣ್ಣ ಏರುತ್ತದೆ. ಕಂದು ಬಂದರೆ ಕ್ಯಾನ್ಸರು.

ಆದರೆ ಔಷಧಿಯೇ ಕೆಟ್ಟಿದ್ದರೆ? ಅದಕ್ಕೇ ಪ್ರತಿ ಸಲ ರೋಗಿಯ ಸ್ಲೈಡಿನ ಜೊತೆಗೆ ಇನ್ನೊಂದು ಸ್ಲೈಡು ಇಡುತ್ತಾರೆ. ಕ್ಯಾನ್ಸರು ಅಂತ ಮೊದಲೇ ಖಾತ್ರಿಯಾದ ಬೇರೆಯವರ ಜೀವಕೋಶ. ಅದು ಕಂದು ಆಗಲೇಬೇಕು. ಆಗದಿದ್ದರೆ ಇಡೀ ಪರೀಕ್ಷೆ ದಂಡ. ಅದಕ್ಕೆ ಕಂಟ್ರೋಲು ಅನ್ನುತ್ತಾರೆ.

ಆ ಲ್ಯಾಬಿನ ಕಂಟ್ರೋಲು ಒಂದು ಹೆಂಗಸು. ಬ್ಲಾಕಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ಹುಚ್ಚಮ್ಮ, 58, ಸೊರಬ. ಆಕೆ ಸತ್ತು ಎರಡು ವರ್ಷವಾಗಿತ್ತು. ಮನೆಯವರು ಸುಟ್ಟು, ಬೂದಿಯನ್ನು ಹೊಳೆಗೆ ಬಿಟ್ಟು, ತಿಥಿಯನ್ನೂ ಮಾಡಿದ್ದರು. ಇಲ್ಲಿ ಲೋಕಪ್ಪ ಶನಿವಾರ ಶನಿವಾರ ಆಕೆಯನ್ನು ಒಂದೊಂದು ಪದರ ಕೊಯ್ಯುತ್ತಿದ್ದ. ಪ್ರತಿ ಶನಿವಾರ ಆಕೆಗೆ ಮತ್ತೆ ಕ್ಯಾನ್ಸರು. ಪಾಪ, ಕೇಳುವವರು ಯಾರು?

ಇಷ್ಟು ಲ್ಯಾಬಿನ ಮಾತು. ಇನ್ನು ಮನೆಯ ಮಾತು.

ಲೋಕಪ್ಪ ಇದ್ದದ್ದು ಅವನ ಅಕ್ಕ ಮಹಾದೇವಮ್ಮನ ಮನೆಯಲ್ಲಿ. ಅಪ್ಪ ಅಮ್ಮ ಸಣ್ಣವನಿದ್ದಾಗಲೇ ಹೋದರು. ಸಾಕಿದ್ದು ಭಾವ ಪರಮಶಿವಪ್ಪ. ಓದಿಸಿದ್ದು, ಲ್ಯಾಬಿನ ಕೋರ್ಸಿಗೆ ಸೇರಿಸಿದ್ದು, ಕೆಲಸ ಕೊಡಿಸಿದ್ದು, ಎಲ್ಲ ಅವನೇ. ಮೆಕ್ಕೆಜೋಳದ ವ್ಯಾಪಾರದ ಮನುಷ್ಯ, ದೊಡ್ಡ ದನಿ, ದೊಡ್ಡ ನಗು. ಹೋದ ವರ್ಷದ ಹಿಂದಿನ ಸುಗ್ಗಿಯಲ್ಲಿ ಅವನು ಹಳದಿಯಾದ.

ಮೊದಲು ಕಣ್ಣು. ಆಮೇಲೆ ಮುಖ, ಅಂಗೈ. ಬನಿಯನ್ನಿನ ಕಂಕುಳಲ್ಲಿ ಹಳದಿ ಬೆವರಿನ ಕಲೆ, ಎಷ್ಟು ಒಗೆದರೂ ಹೋಗದು. ಉಚ್ಚೆ ಕಾಫಿ ಡಿಕಾಕ್ಷನ್ನಿನ ಬಣ್ಣ. ಮೈತುಂಬ ನವೆ. ರಾತ್ರಿಯೆಲ್ಲ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಎಮ್ಮೆಯಂತೆ ಉಜ್ಜಿಕೊಳ್ಳುತ್ತಿದ್ದ. ಹಾಸಿಗೆ ಕೊಡವಿದರೆ ಚರ್ಮದ ಹೊಟ್ಟು. ರಕ್ತದ ಚುಕ್ಕೆ.

"ಲೋಕಾ, ಬೆನ್ನು ಕೆರಿಯೋ, ಕೈ ನಿಲುಕವಲ್ದು" ಅಂತ ಭಾವ ಕರೆಯುತ್ತಿದ್ದ.

ಲೋಕಪ್ಪನಿಗೆ ಹೇಸಿಗೆ. ಉಗುರಿನ ಸಂದಿಗೆ ಭಾವನ ಚರ್ಮ ಸೇರಿಕೊಳ್ಳುತ್ತದಲ್ಲ ಅಂತ, ಕಾಳು ಬಿಡಿಸಿದ ಜೋಳದ ದಿಂಡು ತಗೊಂಡು ಕೆರೆಯುತ್ತಿದ್ದ. ಕೆರೆದು ಹಿತ್ತಲಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಿದ್ದ. ತನ್ನನ್ನು ಎತ್ತಿ ಆಡಿಸಿದ ಮೈ ಅದು ಅನ್ನುವ ನೆನಪು ಇರಲಿಲ್ಲ ಅವನಿಗೆ.

ಗುರುವಾರ ಭಾವನಿಗೆ ನಳಿಗೆ ಇಳಿಸಿದರು. ಬ್ರಷ್ಷಿನಿಂದ ಉಜ್ಜಿ ತೆಗೆದರು. ಪಿತ್ತ ಹರಿದುಹೋಗಲಿ ಅಂತ ಒಂದು ಸಣ್ಣ ಕೊಳವೆಯನ್ನೂ ಇಟ್ಟರು. ದೊಡ್ಡ ಡಾಕ್ಟರು ಮಹಾದೇವಮ್ಮನನ್ನು ಕರೆದು ಹೇಳಿದರು, "ನೋಡಮ್ಮ, ಇದು ಕೆಟ್ಟದ್ದೇ ಆಗಿದ್ರೆ ಈಗ್ಲೇ ಕೊಯ್ದು ತೆಗೀಬಹುದು. ಒಂದು ತಿಂಗಳು ತಡ ಮಾಡಿದ್ರೆ ಆಗಲ್ಲ. ಕೆಟ್ಟದ್ದಲ್ಲ ಅಂದ್ರೆ ಸುಮ್ನೆ ಯಾಕೆ ಅಷ್ಟು ದೊಡ್ಡ ಆಪರೇಷನ್ನು? ಶನಿವಾರ ಲ್ಯಾಬಿನವ್ರು ಹೇಳ್ಲಿ."

ಲ್ಯಾಬಿನವರು ಅಂದರೆ ಯಾರು? ಲೋಕಪ್ಪ.

ಬ್ರಷ್ಷನ್ನೂ ಪಿತ್ತವನ್ನೂ ಹಾಕಿದ್ದ ಬಾಟಲಿ ಅವತ್ತೇ ಅವನ ಕೈಗೆ ಬಂತು. ಮುಚ್ಚಳ ತೆಗೆಯುವಾಗ ಜಾರಿತು. ಮೇಜಿನ ಮೇಲೆ ಹಸಿರು ಹಸಿರು ಪಿತ್ತ... ಅವನ ಕೈಗೂ. ಅಲ್ಲೇ ಬಿದ್ದಿದ್ದ ಪೆನ್ಸಿಲಿಗೂ. ದಿನಾ ಬೇರೆಯವರದ್ದು ಮುಟ್ಟುವವನೇ ಅವನು. ಆದರೆ ಇದು ಭಾವನದ್ದು. ನಿನ್ನೆ ಒಂದೇ ತಟ್ಟೆಯಿಂದ ಚಟ್ನಿಪುಡಿ ಹಂಚಿಕೊಂಡ ಭಾವನ ಹೊಟ್ಟೆಯೊಳಗಿನದ್ದು. ಕಮಟು ವಾಸನೆ, ಕಹಿ ವಾಸನೆ. ಓಡಿಹೋಗಿ ಸಿಂಕಿನಲ್ಲಿ ಕಾರಿಕೊಂಡ. ಆ ರಾತ್ರಿ ಅಕ್ಕ ಬಡಿಸಿದ ರೊಟ್ಟಿ ಮುಟ್ಟದೆ ಎದ್ದ.

ಶನಿವಾರ ಬ್ಲಾಕು ಕತ್ತರಿಸಿದ. ಭಾವನದ್ದೊಂದು ಪದರ, ಹುಚ್ಚಮ್ಮನದ್ದೊಂದು ಪದರ. ಹುಚ್ಚಮ್ಮನ ಬ್ಲಾಕು ತೀರಾ ಸವೆದಿತ್ತು. ಮೇಣದ ನಡುವೆ ಇದ್ದ ಜೀವಕೋಶದ ಚುಕ್ಕೆ ಸಾಸಿವೆಗಿಂತ ಸಣ್ಣದಾಗಿತ್ತು. ನೋಡಿದ. ನೋಡಿಯೂ ಸುಮ್ಮನಾದ.

ಈಗ ಸ್ಲೈಡಿನ ಮೇಲೆ ಹೆಸರು ಬರೆಯಬೇಕು. ಪೆನ್ಸಿಲಿನಲ್ಲೇ ಬರೆಯಬೇಕು. ಲ್ಯಾಬಿನ ಕೂಸಿಗೂ ಗೊತ್ತಿರುವ ಮಾತು ಅದು, ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಅದ್ದಿದರೆ ತೊಳೆದುಹೋಗುತ್ತದೆ. ಪೆನ್ಸಿಲು ಅಲ್ಲೇ ಇತ್ತು. ಆದರೆ ಅದು ಗುರುವಾರ ಪಿತ್ತದಲ್ಲಿ ಬಿದ್ದ ಪೆನ್ಸಿಲು. ಒರೆಸಿಟ್ಟಿದ್ದರು. ಆದರೂ... ಮುಟ್ಟಲಿಕ್ಕೆ ಮನಸ್ಸು ಬರಲಿಲ್ಲ ಅವನಿಗೆ. ಜೇಬಿನಿಂದ ಪೆನ್ನು ತೆಗೆದು ಬರೆದುಬಿಟ್ಟ.

ಸಂಜೆ ಐದೂವರೆಗೆ ಸ್ಲೈಡುಗಳನ್ನು ಹೊರಗೆ ತೆಗೆದ. ಎರಡರ ಮೇಲೂ ಹೆಸರಿಲ್ಲ. ಬೋಳು ಗಾಜು.

ಒಂದು ಸ್ಲೈಡು ಕಂದು ಆಗಿತ್ತು. ಇನ್ನೊಂದು ಆಗಿರಲಿಲ್ಲ.

ಪರೀಕ್ಷೆಯನ್ನು ಮತ್ತೆ ಮಾಡಬೇಕೆಂದರೆ ಮೂರು ಗಂಟೆ. ಪರೀಕ್ಷೆ ನೋಡುವ ಡಾಕ್ಟರು ಸಂಗೀತ ಮೇಡಂ ವಾರಕ್ಕೊಮ್ಮೆ ಬರುವವರು, ಕಾರು ಬಾಗಿಲಲ್ಲಿ ನಿಂತಿದೆ. ಕಿಟಕಿಯಾಚೆ ಬೆಂಚಿನ ಮೇಲೆ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಾಳೆ. ಪಕ್ಕದಲ್ಲಿ ಭಾವ ಗೋಡೆಗೆ ಬೆನ್ನು ಉಜ್ಜುತ್ತಿದ್ದಾನೆ.

ಲೋಕಪ್ಪ ತನಗೆ ತಾನೇ ಹೇಳಿಕೊಂಡ, ಇದರಲ್ಲೇನು ತಲೆಬಿಸಿ? ಕಂಟ್ರೋಲು ಯಾವತ್ತೂ ಕಂದು ಆಗುತ್ತದೆ. ಕಂದು ಆದದ್ದು ಹುಚ್ಚಮ್ಮ. ಆಗದೇ ಇದ್ದದ್ದು ಭಾವ. ಭಾವನಿಗೆ ಏನೂ ಇಲ್ಲ... ದೇವರು ದೊಡ್ಡವನು.

ಸಾಸಿವೆಯಷ್ಟಾಗಿದ್ದ ಚುಕ್ಕೆ ನೆನಪಾಯಿತು. ನೆನಪನ್ನು ಒಳಗೇ ನುಂಗಿದ. ಪೆನ್ಸಿಲಿಗೆ ಕಾಗದ ಸುತ್ತಿ ಹಿಡಿದು, ಎರಡು ಬೋಳು ಗಾಜಿನ ಮೇಲೂ ಹೆಸರು ಬರೆದ.

ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಒಂದು ನೋಡಿದರು. ಇನ್ನೊಂದು ನೋಡಿದರು. ಹುಬ್ಬು ಗಂಟಾಯಿತು.

"ಪೇಷಂಟಿಂದ್ರಲ್ಲಿ ಜೀವಕೋಶನೇ ಇಲ್ವಲ್ರೀ. ನಾಲ್ಕೋ ಐದೋ ಇದಾವೆ. ಬಣ್ಣ ಹಿಡಿದಿಲ್ಲ." ತಲೆ ಎತ್ತಿದರು. "ಲೋಕಪ್ಪ, ಇದು ಅವ್ರದ್ದೇ ತಾನೆ?"

ಅವನು ಹೇಳಿದ, "ಹೌದು ಮೇಡಂ."

ಅಷ್ಟೇ ಮಾತು. ಉಂಡ ಮನೆಗೆ ಎರಡು ಬಗೆಯೋದು ಅನ್ನುತ್ತಾರಲ್ಲ, ಅದಕ್ಕೆ ವಿಷ ಹಾಕಬೇಕು ಅಂತೇನಿಲ್ಲ. ಎರಡು ಪದ ಸಾಕು.

ಕ್ಯಾನ್ಸರಿನ ಗುರುತು ಸಿಕ್ಕಿಲ್ಲ ಅಂತ ರಿಪೋರ್ಟು ಬಂತು. ಅಕ್ಕ ಆಸ್ಪತ್ರೆಯ ಬಾಗಿಲಲ್ಲೇ ತಮ್ಮನ ಗದ್ದ ಹಿಡಿದು ಅತ್ತಳು. ಭಾವ ಅವನ ಬೆನ್ನಿಗೊಂದು ಗುದ್ದಿ, "ಓದ್ಸಿದ್ದು ಸಾರ್ಥಕ ಆತು ನೋಡಲೇ" ಅಂದ. ಅವರಿಬ್ಬರೂ ಆರು ಗಂಟೆಯ ಬಸ್ಸಿಗೆ ಹೋದರು. ಲೋಕಪ್ಪ ಲ್ಯಾಬು ತೊಳೆದು, ಕೈ ತೊಳೆದು, ಮತ್ತೊಮ್ಮೆ ತೊಳೆದು, ಕೊನೇ ಬಸ್ಸು ಹತ್ತಿದ.

ಕ್ರಾಸಿನಲ್ಲಿ ಇಳಿದಾಗ ಗಂಟೆ ಒಂಬತ್ತೂ ಮುಕ್ಕಾಲು. ಬಸ್ಸು ಗುರ್ ಅಂತ ಹೋಯಿತು. ಆಮೇಲೆ ಏನೂ ಇಲ್ಲ... ಮುರಿದು ರಾಶಿ ಹಾಕಿದ ಜೋಳದ ದಂಟಿನಲ್ಲಿ ಗಾಳಿ ಸರ್ ಸರ್ ಅನ್ನುತ್ತಿತ್ತು.

ಬಾವಿ ಹತ್ತಿರ ಬಂತು. ಲೋಕಪ್ಪ ಸದ್ದಿಗೆ ಕಾದ.

ಸದ್ದಿಲ್ಲ.

ಎರಡು ವರ್ಷದಲ್ಲಿ ಮೊದಲ ಶನಿವಾರ. ಕೆರೆತ ಇಲ್ಲ. ಅವನ ಕಾಲು ತಾನಾಗಿ ನಿಂತಿತು. ಟಾರ್ಚು ಬಿಟ್ಟ.

ಬಾವಿಯ ಕಟ್ಟೆಯ ಮೇಲೆ ಒಬ್ಬಳು ಹೆಂಗಸು ಕೂತಿದ್ದಳು. ಆಸ್ಪತ್ರೆಯ ಹಸಿರು ಗೌನು. ಕೈ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು, ಮದುವೆಮನೆಯಲ್ಲಿ ಊಟಕ್ಕೆ ಕಾಯುವವರು ಕೂತಿರುತ್ತಾರಲ್ಲ, ಹಾಗೆ.

"ಯಾ... ಯಾರದು?"

"ನಾನು ತಮ್ಮಾ."

"ನೀವ್ಯಾರು?"

"ವಾರ ವಾರ ಕೊಯ್ತಿದ್ದಿ. ಗುರ್ತ ಸಿಗ್ಲಿಲ್ಲನಾ?"

ಪಿಸುಮಾತು. ಆದರೆ ಕಿವಿಯ ಹತ್ತಿರವೇ ಆಡಿದಂತೆ ಕೇಳಿಸುತ್ತಿತ್ತು.

"ಬಸ್ಸಿಂದ ನಿನ್ ಜೊತೀಗೆ ಇಳೀತಿದ್ದೆ. ಎಲ್ ಹೋಗೂದು? ಮನೇಲಿ ಎಲ್ಲಾ ಸುಟ್ಟಾಯ್ತು. ಇದೊಂದ್ ಚೂರು ನಿನ್ ಹತ್ರ ಇತ್ತು. ಅದು ಇರೂವರ್ಗೂ ನಾನೂ ಇರ್ಬೇಕಲ್ಲ... ನೀ ಕೊಯ್ದಾಗೆಲ್ಲ ನವೆ. ಎಂತಾ ನವೆ ಅಂತೀಯ."

ಆಕೆ ತೋಳು ಮುಂದೆ ಚಾಚಿದಳು. ಚರ್ಮ ಹಳದಿಯಾಗಿರಲಿಲ್ಲ. ಗೀರಿಲ್ಲ, ಗಾಯವಿಲ್ಲ. ಸ್ನಾನ ಮಾಡಿ ಬಂದವರ ತೋಳು.

"ನೋಡು. ಇವತ್ತು ನವೆ ಇಲ್ಲ. ನಂದು ಹೋದ ವಾರಕ್ಕೇ ಮುಗ್ದದೆ. ಇವತ್ ನೀ ಕೊಯ್ದದ್ದು ಬರೀ ಸಿಪ್ಪೆ."

ಲೋಕಪ್ಪ ಟಾರ್ಚನ್ನು ಆಕೆಯ ಮುಖದಿಂದ ಕೆಳಗಿಳಿಸಿದ.

"ಅದ್ಕೆ ಹೇಳಿ ಹೋಗ್ವ ಅಂತ ಕೂತಿದ್ದೆ. ಆ ಕಂದು ನಂದಲ್ಲ ತಮ್ಮಾ."

ಆಕೆ ಎದ್ದಳು. ಗೌನು ಸರಿಮಾಡಿಕೊಂಡಳು. ಬಾವಿಯ ಕಡೆ ತಿರುಗಿ, ಮೆಟ್ಟಿಲಿಳಿಯುವವರ ಹಾಗೆ ಕಾಲು ಕೆಳಗಿಟ್ಟಳು. ಆ ಬಾವಿಗೆ ಮೆಟ್ಟಿಲಿಲ್ಲ. ಲೋಕಪ್ಪ ಕಿವಿಗೊಟ್ಟು ನಿಂತ. ನೀರಿನಲ್ಲಿ ಏನೂ ಬೀಳಲಿಲ್ಲ.

ಅವನು ಮನೆ ಮುಟ್ಟಿದ್ದು ಹೇಗೋ ಅವನಿಗೇ ಗೊತ್ತಿಲ್ಲ. ಅಕ್ಕ ಸಜ್ಜಿಗೆ ಮಾಡಿದ್ದಳು. ನೆರೆಯವರೆಲ್ಲ ಬಂದು ಕೂತಿದ್ದರು. ಭಾವ ಹಳದಿ ಕಣ್ಣು ಅರಳಿಸಿ, "ಬಾರಲೇ ಡಾಕ್ಟ್ರೇ" ಅಂತ ಕರೆದು ಪಕ್ಕಕ್ಕೆ ಕೂರಿಸಿಕೊಂಡ. ಆಗಲೇ ಹೇಳಬಹುದಿತ್ತು. "ಭಾವ, ತಪ್ಪಾಗಿದೆ, ಸೋಮವಾರ ಇನ್ನೊಮ್ಮೆ ನೋಡಬೇಕು" ಅಂದಿದ್ದರೆ ಸಾಕಿತ್ತು. ಸಜ್ಜಿಗೆ ತಿಂದ.

ಸೋಮವಾರ ಲ್ಯಾಬಿಗೆ ಹೋಗಿ ಹುಚ್ಚಮ್ಮನ ಬ್ಲಾಕು ಕತ್ತರಿಸಿ ನೋಡಿದ. ಬರೀ ಬಿಳೀ ಮೇಣ. ಚುಕ್ಕೆಯೇ ಇಲ್ಲ. ಶನಿವಾರ ಕಂದು ಆದದ್ದು ಯಾರದ್ದು ಅನ್ನುವುದರಲ್ಲಿ ಇನ್ನು ಅನುಮಾನವೇ ಉಳಿಯಲಿಲ್ಲ. ಭಾವನ ಬ್ಲಾಕು ಬೀರುವಿನಲ್ಲೇ ಇತ್ತು, ತುಂಬಿದ ಬ್ಲಾಕು. ಒಂದು ಪದರ ಕೊಯ್ದು ಮತ್ತೆ ಬಣ್ಣ ಹಾಕಿದರೆ ಮೂರು ಗಂಟೆಯ ಕೆಲಸ. ಆದರೆ ಹಾಗೆ ಮಾಡಿದರೆ ಮೇಡಂ ಕೇಳುತ್ತಾರೆ. ಯಾಕೆ, ಏನಾಯಿತು, ಯಾವ ಪೆನ್ನು, ಯಾರು ಹೆಸರು ಬರೆದದ್ದು...

ಅವನು ಬಾಯಿ ಬಿಡಲಿಲ್ಲ. ಥೂ! ಇದನ್ನು ಹೇಳುವಾಗ ಇವತ್ತಿಗೂ ನನಗೆ ಉಗಿಯೋ ಹಾಗಾಗುತ್ತದೆ. ಭಾವನ ಪಿತ್ತ ಕಂಡರೆ ವಾಕರಿಕೆ ಬಂದ ಈ ಮನುಷ್ಯನಿಗೆ ತನ್ನ ಬಾಯಿ ಕಂಡು ಬರಲಿಲ್ಲ.

ಅಷ್ಟರಲ್ಲಿ ಇನ್ನೊಂದಾಯಿತು. ರಿಪೋರ್ಟಿನಲ್ಲಿ ಏನೂ ಇಲ್ಲ ಅಂದಮೇಲೆ ಇದು ಬರೀ ಕಾಮಾಲೆ ಅಂತ ಊರೆಲ್ಲ ತೀರ್ಮಾನ ಮಾಡಿತು. ಕಾಮಾಲೆಗೆ ನಾಟಿ ಔಷಧಿ ಇದ್ದೇ ಇದೆ. ಕ್ಯಾಸನೂರಿನ ಆಚೆ ಕಾಡಂಚಿನಲ್ಲಿ ಒಬ್ಬರು ಕೊಡುತ್ತಾರೆ ಅಂತ ಯಾರೋ ಹೇಳಿದರು. ಭಾನುವಾರ ನಸುಕಿನಲ್ಲಿ, ಹಲ್ಲುಜ್ಜದೆ, ದಾರಿಯಲ್ಲಿ ಯಾರನ್ನೂ ಮಾತಾಡಿಸದೆ ಹೋಗಿ, ಮಜ್ಜಿಗೆಯಲ್ಲಿ ಅರೆದ ಸೊಪ್ಪು ಕುಡಿದು ಬರಬೇಕು. ಉಪ್ಪಿಲ್ಲ, ಎಣ್ಣೆಯಿಲ್ಲ, ನಲವತ್ತು ದಿನ ಪಥ್ಯ. ಭಾವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದವನು ಯಾರು ಅಂತೀರಿ? ಲೋಕಪ್ಪನೇ. ಮಾತಾಡಬಾರದು ಅನ್ನುವ ವ್ರತ ಅವನಿಗೆ ಚೆನ್ನಾಗಿ ಒಗ್ಗಿತು.

ಒಳಗೆ ಇಟ್ಟಿದ್ದ ಕೊಳವೆಯಿಂದ ಪಿತ್ತ ಹರಿದು ಭಾವನ ಹಳದಿ ಇಳಿಯಿತು. ನವೆಯೂ ನಿಂತಿತು. ಸೊಪ್ಪಿನ ಗುಣ ಅಂದರು ಎಲ್ಲರೂ. ಲೋಕಪ್ಪನಿಗೂ ಹಾಗೇ ನಂಬುವ ಆಸೆ. ದೆವ್ವದ ಮಾತು ಕಟ್ಟಿಕೊಂಡು ಏನಾಗಬೇಕು, ಸತ್ತವಳಿಗೇನು ಗೊತ್ತು, ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ.

ನಲವತ್ತು ದಿನದ ಪಥ್ಯ ಮುಗಿದ ವಾರವೇ ಭಾವನಿಗೆ ಚಳಿಜ್ವರ. ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಇಳಿದುಹೋದ. ದಾವಣಗೆರೆಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರು. ಯಕೃತ್ತಿನ ತುಂಬ ಗಂಟು.

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎರಡು ತಿಂಗಳ ಹಿಂದೆ ಗೊತ್ತಾಗಿದ್ರೆ..." ಅಂದರು. ಮಹಾದೇವಮ್ಮ ತಮ್ಮನ ಮುಖ ನೋಡಿದಳು. ಬೈಯಲಿಕ್ಕಲ್ಲ. ಇವನಿಗೆ ಓದು ಗೊತ್ತು, ಡಾಕ್ಟರು ಹೇಳಿದ್ದಕ್ಕೆ ಇನ್ನೇನಾದರೂ ಅರ್ಥ ಇರಬಹುದೇನೋ ಅಂತ.

ಸಂಗೀತ ಮೇಡಂ ಹಳೇ ಬ್ಲಾಕನ್ನು ಮತ್ತೆ ತೆಗೆಸಿದರು. ಈ ಸಲ ಲೋಕಪ್ಪ ಬ್ಲಾಕಿನ ಅಂಚಿಗೂ ಸ್ಲೈಡಿಗೂ ಪೆನ್ಸಿಲಿನಲ್ಲೇ ಬರೆದ. ಸ್ಲೈಡು ತುಂಬ ಕಂದು. ಮೇಡಂ ಬಹಳ ಹೊತ್ತು ನೋಡಿದರು.

"ಅವತ್ತು ಯಾಕೆ ಹಿಡೀಲಿಲ್ಲ ಲೋಕಪ್ಪ?"

"ಔಷಧಿ ಸರಿ ಇರ್ಲಿಲ್ಲ ಅನ್ಸುತ್ತೆ ಮೇಡಂ."

"ಕಂಟ್ರೋಲ್ ಬಂದಿತ್ತಲ್ರೀ?"

ಅವನು ಸಿಂಕಿನ ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದ. ಮೇಡಂ ನಿಟ್ಟುಸಿರು ಬಿಟ್ಟು ಬೇರೆ ಸ್ಲೈಡು ಎತ್ತಿಕೊಂಡರು. ರೋಗಿ ಇವನ ಭಾವ ಅಂತ ಅವರಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿದವರೂ ಇಲ್ಲ.

ಪರಮಶಿವಪ್ಪ ಯುಗಾದಿಗೆ ಮುಂಚೆ ತೀರಿಕೊಂಡ. ಕೊನೇ ವಾರ ಮತ್ತೆ ಹಳದಿ, ಮತ್ತೆ ನವೆ. ಕೂಗಲಿಕ್ಕೆ ದನಿಯಿರಲಿಲ್ಲ. ಕೈ ಸನ್ನೆ ಮಾಡಿ ಬೆನ್ನು ತೋರಿಸುತ್ತಿದ್ದ. ಕೆರೆದದ್ದು ಅಕ್ಕ, ಬರಿಗೈಯಲ್ಲಿ.

ನಮ್ಮವರಲ್ಲಿ ಸುಡುವುದಿಲ್ಲ, ನಿಮಗೆ ಗೊತ್ತಲ್ಲ. ಮೈಗೆಲ್ಲ ವಿಭೂತಿ ಬಳಿದು, ಗುಂಡಿಯಲ್ಲಿ ಕೂರಿಸಿ, ಬಿಲ್ವಪತ್ರೆ ತುಂಬಿ ಮಣ್ಣು ಮಾಡುತ್ತೇವೆ. ಮನುಷ್ಯ ಇಡಿಯಾಗಿ ಮಣ್ಣಿಗೆ ಸೇರಬೇಕು ಅನ್ನುವುದು ಹಿರಿಯರ ಮಾತು. ಎಲ್ಲ ಮುಗಿದು ಜನ ಚದುರಿದ ಮೇಲೆ ಮಹಾದೇವಮ್ಮ ತಮ್ಮನ ಪಕ್ಕ ಬಂದು ಕೂತಳು. ಅತ್ತು ಅತ್ತು ದನಿ ಒಡೆದಿತ್ತು.

"ಲೋಕಾ, ನಿಮ್ ಭಾವನ್ನ ಪೂರ್ತಿ ಮಣ್ಣಿಗಿಟ್ವಲ್ಲೋ? ಆಸ್ಪತ್ರ್ಯಾಗೆ ಏನೂ ಉಳ್ಕಂಡಿಲ್ಲಲ್ಲ?"

ಬೀರುವಿನಲ್ಲಿದ್ದ ಮೇಣದ ಬ್ಲಾಕು ಅವನ ಕಣ್ಣ ಮುಂದೆ ಬಂತು.

"ಇಲ್ಲಕ್ಕ" ಅಂದ. "ಏನೂ ಉಳಿದಿಲ್ಲ."

ಅದರ ಮುಂದಿನ ಶನಿವಾರ ಲ್ಯಾಬಿಗೆ ಹೋದರೆ ಮೇಡಂ ಮೇಜಿನ ಮೇಲೆ ಒಂದು ಬ್ಲಾಕು ತೆಗೆದಿಟ್ಟಿದ್ದರು.

"ಹಳೇ ಕಂಟ್ರೋಲು ಮುಗಿದುಹೋಗಿದೆ. ಇಷ್ಟು ದಿನ ಬೇರೆ ಲ್ಯಾಬಿಂದ ತಂದು ನಡೆಸಿದ್ರಂತೆ, ಮೊದ್ಲೇ ಹೇಳೋದಲ್ವೇನ್ರೀ? ಇದು ಚೆನ್ನಾಗಿದೆ, ಜೀವಕೋಶ ಬೇಕಾದಷ್ಟಿದಾವೆ, ಒಳ್ಳೇ ಕಂದು. ಇನ್ಮೇಲೆ ಇದನ್ನೇ ಇಟ್ಕೊಳ್ಳಿ."

ಅಂಚಿನಲ್ಲಿ ಪೆನ್ಸಿಲಿನ ಅಕ್ಷರ. ಅವನದ್ದೇ ಕೈಬರಹ. ಪರಮಶಿವಪ್ಪ, 54.

ಆಗಲೂ ಹೇಳಬಹುದಿತ್ತು. ಹೇಳಲಿಲ್ಲ. ಪದರ ಕೊಯ್ಯುವ ಯಂತ್ರಕ್ಕೆ ಬ್ಲಾಕು ಕಚ್ಚಿಸಿ ಹಿಡಿ ತಿರುಗಿಸಿದ. ಚರ್... ಚರ್... ಮೇಣದ ಪದರ ಸುರುಳಿಯಾಗಿ ಬಂತು.

ಆ ರಾತ್ರಿ ಕ್ರಾಸಿನಲ್ಲಿ ಇಳಿದಾಗ ಹಿಂದೆ ಇನ್ನೊಬ್ಬರು ಇಳಿದ ಸದ್ದು. ತಿರುಗಿದರೆ ಯಾರೂ ಇಲ್ಲ. ಬಾವಿಯ ಹತ್ತಿರ ಬರುವಾಗ ಕೇಳಿಸಿತು. ಉಗುರಿನ ಸದ್ದಲ್ಲ. ಕಲ್ಲಿಗೆ ಬೆನ್ನು ಕೊಟ್ಟು ಉಜ್ಜುವ ಸದ್ದು. ಝರಕ್... ಝರಕ್... ಎಮ್ಮೆ ಉಜ್ಜಿದ ಹಾಗೆ.

ಆಮೇಲೆ ಪಿಸುಮಾತು.

"ಲೋಕಾ... ಬೆನ್ನು ಕೆರಿಯೋ... ಕೈ ನಿಲುಕವಲ್ದು."

ಲೋಕಪ್ಪ ಟಾರ್ಚು ಬಿಡಲಿಲ್ಲ. ಓಡಿದ.

ಭಾನುವಾರವಿಡೀ ಅವನ ತಲೆಯಲ್ಲಿ ಒಂದೇ. ಹುಚ್ಚಮ್ಮನಿಗೆ ಬಿಡುಗಡೆಯಾದದ್ದು ಯಾವಾಗ? ಬ್ಲಾಕು ಮುಗಿದಾಗ. ಹಾಗಾದರೆ ಭಾವನದ್ದನ್ನೂ ಮುಗಿಸಿಬಿಡಬೇಕು. ಕದ್ದು ತಂದು ಗುಂಡಿಯ ಪಕ್ಕ ಹೂತರೆ ಆಗುತ್ತಿತ್ತು. ಆದರೆ ಬ್ಲಾಕು ಕಾಣೆಯಾದರೆ ಮೇಡಂ ಹಳೇ ಸ್ಲೈಡುಗಳನ್ನೆಲ್ಲ ಕೆದಕುತ್ತಾರಲ್ಲ. ಅಲ್ಲಿಯೂ ತನ್ನ ಚರ್ಮದ್ದೇ ಚಿಂತೆ ಅವನಿಗೆ! ಕತ್ತರಿಸಿ ಮುಗಿಸಿದರೆ ಕೇಳುವವರಿಲ್ಲ, ಅದು ಅವನ ಕೆಲಸವೇ.

ಸೋಮವಾರ ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂತ. ಪದರ ದಪ್ಪ ಮಾಡಿ ಹಿಡಿ ತಿರುಗಿಸಿದ. ಚರ್... ಚರ್... ಚರ್... ಒಂದು ಗಂಟೆ. ಎರಡು ಗಂಟೆ. ಮೇಣದ ಸುರುಳಿ ಮೇಜು ತುಂಬಿ ನೆಲಕ್ಕೆ ಬಿತ್ತು, ಕಾಲ ಬೆರಳಿಗೆ ಅಂಟಿಕೊಂಡಿತು. ಗುರುವಾರದ ಆ ಕಮಟು ವಾಸನೆ ಮತ್ತೆ ಎದ್ದಿತು. ಮೇಣಕ್ಕೆ ಎಲ್ಲಿಯ ವಾಸನೆ? ಆದರೂ ಎದ್ದಿತು. ಕಾರಿಕೊಂಡ, ಬಾಯಿ ಒರೆಸಿಕೊಂಡ, ಮತ್ತೆ ತಿರುಗಿಸಿದ. ಬೆಳಗಿನ ಜಾವ ತೋಳು ಎತ್ತಲಾಗದೆ ನಿಲ್ಲಿಸಿ, ಬ್ಲಾಕು ಬಿಚ್ಚಿ ಕೈಗೆ ತಗೊಂಡು ನೋಡಿದ.

ನೋಡಿ, ಅಲ್ಲೇ ಇಟ್ಟು, ಎದ್ದು ಬಂದುಬಿಟ್ಟ. ಮತ್ತೆ ಆ ಲ್ಯಾಬಿನ ಮೆಟ್ಟಿಲು ಹತ್ತಲಿಲ್ಲ. ಈಗ ಸೊರಬದ ಬಸ್‌ಸ್ಟ್ಯಾಂಡಿನ ಹತ್ತಿರ ಬೀಜ ಗೊಬ್ಬರದ ಅಂಗಡಿಯಲ್ಲಿ ಇದ್ದಾನೆ. ಕತ್ತಲಾದ ಮೇಲೆ ಬಸ್ಸು ಹತ್ತುವುದಿಲ್ಲ. ಇಷ್ಟನ್ನೂ ಒಂದು ರಾತ್ರಿ ನನ್ನೆದುರು ಕೂತು ಹೇಳಿದವನು ಅವನೇ. ಅಕ್ಕನಿಗೆ ಹೇಳು ಅಂದೆ. ಹೇಳುತ್ತೇನೆ ಅಂದ. ಇನ್ನೂ ಹೇಳಿಲ್ಲ.

ಬ್ಲಾಕಿನಲ್ಲಿ ಏನು ಕಂಡೆ ಅಂತ ಕೇಳಿದೆ. ತಲೆ ಅಲ್ಲಾಡಿಸಿ ಎದ್ದುಹೋದ. ಸುಳ್ಳು ಹೇಳುತ್ತಿದ್ದಾನೇನೋ ಅಂತ ನನಗೂ ಅನ್ನಿಸಿತ್ತು, ಅವನ ನಾಲಿಗೆಯ ಗುಣ ಗೊತ್ತಲ್ಲ. ಅದಕ್ಕೇ ಹೋದ ತಿಂಗಳು ನಾನೇ ಶಿಕಾರಿಪುರಕ್ಕೆ ಹೋಗಿ ಆ ಲ್ಯಾಬಿನಲ್ಲಿ ವಿಚಾರಿಸಿದೆ. ಈಗ ಅಲ್ಲಿ ಕುಬಟೂರಿನ ಹುಡುಗಿ ಮೇಘನಾ ಅಂತ ಇದ್ದಾಳೆ. ಲೋಕಪ್ಪ ಯಾರು ಅಂತಲೇ ಗೊತ್ತಿಲ್ಲದವಳು. ಒಳ್ಳೇ ಹುಡುಗಿ, ಸುಳ್ಳು ಹೇಳುವ ಪೈಕಿ ಅಲ್ಲ. ಪರಮಶಿವಪ್ಪ ಅಂತ ಬರೆದ ಆ ಕಂಟ್ರೋಲು ಯಾವಾಗ ಮುಗಿಯುತ್ತದಮ್ಮ ಅಂತ ಕೇಳಿದೆ.

ಅವಳು ನಕ್ಕಳು. "ನಾನು ಬಂದಾಗಿಂದ ವಾರ ವಾರ ಕೊಯ್ತಾನೇ ಇದೀನಿ ಅಂಕಲ್. ಒಂದು ಕೂದಲೆಳೆಯಷ್ಟೂ ಸವೆದಿಲ್ಲ."